ನೀಲಿ ಕುರ್ಚಿ ಮತ್ತೆ ಮತ್ತೆ

ಫೆಬ್ರವರಿ 3

ಅತ್ತಿಗೆ,

ಇಲ್ಲಿ ಎಲ್ಲರೂ ಕ್ಷೇಮ, ಸರ್ವರ್ ಒಂದನ್ನು ಬಿಟ್ಟು. ಅದು ಬೆಳಗಿನಿಂದ ಮೂರು ಸಲ ಮಲಗಿತು, ಎರಡು ಸಲ ಎದ್ದಿತು. ಈಗ ಯಾವ ಸ್ಥಿತಿಯಲ್ಲಿದೆ ಎಂದು ನೀವೇ ಲೆಕ್ಕ ಹಾಕಿ.

ನೀವು ಕೇಳಿದ್ದನ್ನು ಮಾಡಿಕೊಡುತ್ತೇನೆ. ಟ್ರಸ್ಟಿನವರು ರೋಗಿಗಳಿಗೆ ಎರವಲು ಕೊಡುವ ವೀಲ್‌ಚೇರು, ವಾಕರು, ಊರುಗೋಲು, ತಲೆ ಎತ್ತುವ ಮಂಚ, ಇವೆಲ್ಲ ಯಾರ ಮನೆಯಲ್ಲಿವೆ, ಯಾರು ಕಾಯುತ್ತಿದ್ದಾರೆ, ಎಲ್ಲ ಒಂದೇ ಪರದೆಯ ಮೇಲೆ. ನೀವು ವಿಳಾಸ ಹೊಡೆದರೆ ಪುಟ ತೆರೆಯುತ್ತದೆ. ಪುಟ ಅಂದರೆ ಕೌಂಟರಿನ ಕಿಟಕಿ. ಡೇಟಾಬೇಸ್ ಅಂದರೆ ಒಳಗಿನ ಕಪಾಟು. ಎರಡರ ನಡುವೆ ಓಡಾಡುವ ಜವಾನ ನಾನು ಬರೆಯುವ ಕೋಡು. ಜವಾನ ಸ್ವಲ್ಪ ಮೊಂಡ, ಆದರೆ ಪ್ರಾಮಾಣಿಕ.

ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವನು ನಲವತ್ತಾದ ಮೇಲೆ ಕೋಡು ಬರೆಯುತ್ತಾನಂತೆ ಎಂದು ಅಣ್ಣ ನಗುತ್ತಾನಲ್ಲ, ಅವನಿಗೆ ಹೇಳಿ: ಕಂಪ್ಯೂಟರ್ ಬೈಯುವುದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಮ್ಮಿನವನಿಗೆ ಅರ್ಧ ಬೈಗುಳ ಅರ್ಥವೇ ಆಗುವುದಿಲ್ಲ. ಆದ್ದರಿಂದ ನೋವೂ ಅರ್ಧ.

ನನಗೆ ಬೇಕಾದದ್ದು ಇಷ್ಟೇ. ಏನೇನು ವಸ್ತು ಇವೆ? ಹೊರಗೆ ಹೋಗುವಾಗ ಏನು ಬರೆದುಕೊಳ್ಳುತ್ತೀರಿ, ವಾಪಸು ಬಂದಾಗ ಏನು? ನಿಧಾನವಾಗಿ ಬರೆಯಿರಿ. ಆಫೀಸಿನಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ಆದರೂ ನಿಮ್ಮ ಕೆಲಸಕ್ಕೆ ಬಿಡುವು ಮಾಡಿಕೊಳ್ಳುತ್ತೇನೆ.

ಕಾಯುವವರ ಪಾಳಿ, ಕೊಟ್ಟವರ ಯಾದಿ,
ಎಲ್ಲಕ್ಕೂ ಇನ್ನು ಪರದೆಯೇ ಹಾದಿ!

ನಿಮ್ಮ ಮೈದುನ


ಫೆಬ್ರವರಿ 9

ಪ್ರಾಸರಾಯ,

ಫೋನ್ ಮಾಡಬೇಡ ಅಂತ ಎಷ್ಟು ಸಲ ಹೇಳೋದು? ಕಿವಿಯ ಯಂತ್ರ ಹಾಕ್ಕೊಂಡು ಫೋನ್ ಹಿಡಿದರೆ ಕುಯ್ಯೋ ಅನ್ನುತ್ತೆ. ತೆಗೆದರೆ ಏನೂ ಕೇಳಲ್ಲ. ನೀನು ಏನು ಹೇಳಿದೆ ಅಂತ ನಿಮ್ಮಣ್ಣನ ಮುಖ ನೋಡಿ ತಿಳ್ಕೋಬೇಕು, ಆ ಮುಖದಲ್ಲಿ ಯಾವತ್ತೂ ಏನೂ ಬರೆದಿರಲ್ಲ. ಮೇಲ್ ಮಾಡು. ನಾನೂ ಟ್ರಸ್ಟಿನ ಕಂಪ್ಯೂಟರಿನಿಂದಲೇ ಬರೀತೀನಿ. ಪಕ್ಕದ ಮೇಜಿನಲ್ಲಿ ಕಾರ್ಯದರ್ಶಿಗಳು ಕೂತಿರ್ತಾರೆ. ಅವರ ಕಣ್ಣು ಬಹಳ ಚುರುಕು.

ವಿಷಯ ಗಂಭೀರವಾಗಿದೆ. ಏಪ್ರಿಲ್ ಕೊನೆಯಲ್ಲಿ ಸಮಿತಿ ಸಭೆ. ಅಷ್ಟರಲ್ಲಿ ಯಾವ ವಸ್ತು ಎಲ್ಲಿದೆ ಅಂತ ಪರದೆಯ ಮೇಲೆ ಸರಿಯಾಗಿ ತೋರಿಸದಿದ್ದರೆ ಎಲ್ಲವನ್ನೂ ಒಂದು ಕಂಪನಿಗೆ ವಹಿಸ್ತಾರಂತೆ. ಕಂಪನಿ ಅವನ್ನ ಬಾಡಿಗೆಗೆ ಕೊಡುತ್ತೆ. ಬಾಡಿಗೆ ಕೊಡೋ ಶಕ್ತಿ ಇದ್ದವರು ನನ್ನ ಹತ್ತಿರ ಯಾಕೆ ಬರ್ತಿದ್ದರು, ಹೇಳು?

ವೀಲ್‌ಚೇರು ಹನ್ನೊಂದು. ನಂಬರ್ ಕೇಳಬೇಡ, ಹೆಸರು ಹೇಳ್ತೀನಿ: ನೀಲಿ ಕುರ್ಚಿ, ಕಿರುಚೋ ಕುರ್ಚಿ, ಅಗಲದ್ದು, ಎಡಕ್ಕೆ ಎಳೆಯೋದು... ಪೂರ್ತಿ ಪಟ್ಟಿ ಕೆಳಗಿದೆ. ವಸ್ತು ಹೋಗುವಾಗ ಹೆಸರು, ಬೀದಿ, ಯಾರಿಗೆ ಏನಾಗಿದೆ ಅಂತ ಬರ್ಕೋತೀನಿ. ವಾಪಸು ಬರೋದಕ್ಕೆ ಟ್ರಸ್ಟಿನ ನಿಯಮ ಇದೆ: ವಸ್ತು ಕೊಠಡಿಗೆ ಬರಬೇಕು, ಕಾರ್ಯದರ್ಶಿಗಳು ಕಣ್ಣಾರೆ ನೋಡಬೇಕು, ಆಮೇಲೆ ಇನ್ನೊಬ್ಬರಿಗೆ. ನಿಯಮ ಹಾಗಿದೆ.

ಕೊಠಡಿ ಮೂರನೇ ಮಹಡಿಯಲ್ಲಿದೆ. ಗಾಳಿ ಬೆಳಕು ಚೆನ್ನಾಗಿದೆ.

‘ಇಷ್ಟಕ್ಕೆಲ್ಲ ಒಂದು ಹಲಗೆ, ಒಂದು ಸೀಮೆಸುಣ್ಣ ಸಾಕು’ ಅಂತಾರೆ ನಿಮ್ಮಣ್ಣ. ಸೀಮೆಸುಣ್ಣಕ್ಕೂ ಸರ್ವರ್ ಬೇಕಾ ಅಂತ ಕೇಳು ಅಂದರು, ಕೇಳಿದ್ದೀನಿ.

ಅತ್ತಿಗೆ


ಫೆಬ್ರವರಿ 20

ಅತ್ತಿಗೆ,

ಆಯಿತು! ನನ್ನಲ್ಲಿ ಎಲ್ಲ ಓಡುತ್ತಿದೆ. ವಿಳಾಸ ಕೆಳಗಿದೆ, ಒತ್ತಿ ನೋಡಿ. ಕಾರ್ಯದರ್ಶಿಗಳಿಗೂ ತೋರಿಸಿ. ಅವರಿಗೇ ಒಂದು ಬೇರೆ ಪುಟ ಮಾಡಿದ್ದೇನೆ. ಒಟ್ಟು ಎಷ್ಟು, ಕೊಠಡಿಯಲ್ಲಿ ಎಷ್ಟು, ಹೊರಗೆ ಎಷ್ಟು, ದೊಡ್ಡ ಅಕ್ಷರದಲ್ಲಿ. ಹೊರಗೆ ಹೋಗಿ ತಿಂಗಳಾದರೂ ಬಾರದ್ದು ಕೆಂಪಾಗುತ್ತದೆ. ಆ ಕೆಂಪು ಬಣ್ಣ ಹುಡುಕಲು ಬಹಳ ಹೊತ್ತು ಹಿಡಿಯಿತು, ಹಾಗಾಗಿ ಅದನ್ನು ಯಾರಾದರೂ ಹೊಗಳಬೇಕು.

ಮೈದುನ


ಫೆಬ್ರವರಿ 21

ತೆರೆಯಲಿಲ್ಲ. ‘ಸಂಪರ್ಕ ನಿರಾಕರಿಸಲಾಗಿದೆ’ ಅಂತ ಬಂತು. ಕಾರ್ಯದರ್ಶಿಗಳು ನನ್ನ ಹಿಂದೆ ನಿಂತು ಎರಡು ಸಲ ಜೋರಾಗಿ ಓದಿದರು. ‘ನಿಮ್ಮ ಮೈದುನನೇ ನಿರಾಕರಿಸಿದ್ದಾರಾ, ಅಥವಾ ಯಂತ್ರವೇ?’ ಅಂತ ಕೇಳಿದರು. ಏನು ಹೇಳಲಿ?

ಅತ್ತಿಗೆ


ಫೆಬ್ರವರಿ 25

ಅತ್ತಿಗೆ,

ಯಂತ್ರ ಎನ್ನಿ. ಮಾನ ನನ್ನದು, ಅದಕ್ಕೆ ಮಾನವಿಲ್ಲ.

ನಾನು ಕಳಿಸಿದ ವಿಳಾಸಕ್ಕೆ ‘ಇದೇ ಕಂಪ್ಯೂಟರ್’ ಎಂದು ಅರ್ಥ. ನಾನು ಒತ್ತಿದರೆ ನನ್ನ ಕಂಪ್ಯೂಟರ್ ತೆರೆಯುತ್ತದೆ. ನೀವು ಒತ್ತಿದರೆ ನಿಮ್ಮ ಕಂಪ್ಯೂಟರ್ ತನ್ನ ಜೇಬಿನಲ್ಲೇ ಹುಡುಕಿಕೊಂಡು, ಏನೂ ಇಲ್ಲ ಎಂದು ಕೈ ಝಾಡಿಸುತ್ತದೆ. ಎಲ್ಲರೂ ಮೊದಲ ಸಲ ಮಾಡುವ ತಪ್ಪಂತೆ. ನನ್ನದು ಮೂರನೆಯ ಸಲ.

ಎಲ್ಲವನ್ನೂ ಬಾಡಿಗೆಯ ಸರ್ವರಿಗೆ ಹೊತ್ತು ಹಾಕಿದೆ. ಅಲ್ಲಿ ಡೇಟಾಬೇಸ್ ನನ್ನ ಕೋಡನ್ನೇ ಒಳಗೆ ಬಿಡಲಿಲ್ಲ. ಪಾಸ್‌ವರ್ಡ್ ಸರಿ, ಹೆಸರು ಸರಿ, ಆದರೂ ‘ನೀನು ಯಾರು’ ಎನ್ನುತ್ತದೆ. ಒಂದು ದಿನ ಪೂರ್ತಿ ಕಾದಾಡಿ ನೋಡಿದರೆ ಪಾಸ್‌ವರ್ಡಿನ ಕೊನೆಗೆ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ಜೀವಮಾನವೆಲ್ಲ ಬೇರೆಯವರ ಬರಹದಲ್ಲಿ ಖಾಲಿ ಜಾಗ ಹುಡುಕಿ ಸಂಬಳ ತೆಗೆದುಕೊಂಡವನಿಗೆ ತನ್ನದು ಕಾಣಲಿಲ್ಲ. ಅದಾದ ಮೇಲೆ ನಿಮ್ಮ ಕುರ್ಚಿಗಳ ಹೆಸರೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕೂತವು. ಡೇಟಾಬೇಸಿಗೆ ಕನ್ನಡ ಅಕ್ಷರ ಇಟ್ಟುಕೊಳ್ಳುವುದನ್ನು ಮೊದಲೇ ಹೇಳಿಕೊಡಬೇಕಿತ್ತು. ಟೇಬಲ್‌ಗಳನ್ನೆಲ್ಲ ಕೆಡವಿ ಮತ್ತೆ ಕಟ್ಟಿದೆ.

ಈಗ ಹೊಸ ವಿಳಾಸ ಒತ್ತಿ. ತೆರೆಯದಿದ್ದರೆ ಕಾರ್ಯದರ್ಶಿಗಳಿಗೆ ಹೇಳಬೇಡಿ, ನನಗೆ ಹೇಳಿ.

ಕಟ್ಟಿದೆ, ಕೆಡವಿದೆ, ಕಟ್ಟಿದೆ ಮರಳಿ.
ಕೂದಲು ಉಳಿದಿಲ್ಲ, ಯಾವುದ ಕೀಳಲಿ?

ಮೈದುನ


ಮಾರ್ಚ್ 6

ಪ್ರಾಸರಾಯ,

ತೆರೆಯಿತು. ಕನ್ನಡವೂ ಬಂತು. ಕಾರ್ಯದರ್ಶಿಗಳು ತಮ್ಮ ಪುಟ ನೋಡಿ ‘ಹೂಂ’ ಅಂದರು. ಅವರು ಹಾಗೆ ಅನ್ನೋದು ವರ್ಷಕ್ಕೊಂದು ಸಲ. ಅವರಿಗೇ ಬೇರೆ ಪಾಸ್‌ವರ್ಡ್ ಬೇಕಂತೆ, ಕೊಡು.

ಒಂದೇ ಒಂದು ಪ್ರಶ್ನೆ. ಹೊರಗೆ ಇರೋ ವಸ್ತುವನ್ನ, ಅದು ಹೊರಗೆ ಇರುವಾಗಲೇ ಇನ್ನೊಬ್ಬರ ಹೆಸರಿಗೆ ಬರೀಬಹುದಾ? ಸುಮ್ಮನೆ ಕೇಳಿದೆ. ನಿನಗೆ ಕೆಲಸದ ಮೇಲೆ ಕೆಲಸ ಅಂತ ಗೊತ್ತು. ಪದೇ ಪದೇ ಕಾಡಲ್ಲ.

ಅತ್ತಿಗೆ


ಮಾರ್ಚ್ 6

ಅತ್ತಿಗೆ,

ಬರೆಯಲಾಗದು! ಬರೆಯಲಾಗದಂತೆ ಮಾಡಿರುವುದೇ ನನ್ನ ಹೆಮ್ಮೆ. ಒಂದು ಕುರ್ಚಿ ಒಂದೇ ಹೊತ್ತಿಗೆ ಎರಡು ಮನೆಯಲ್ಲಿ ಇರುವುದುಂಟೇ? ಹಾಗೆ ಬರೆಯಲು ಹೋದರೆ ಡೇಟಾಬೇಸೇ ತಡೆಯುತ್ತದೆ. ನೀವು ಅತ್ತರೂ ತಡೆಯುತ್ತದೆ, ನಾನು ಬೇಡಿದರೂ ತಡೆಯುತ್ತದೆ. ಮೊದಲು ‘ವಾಪಸು ಬಂತು’ ಬಟನ್, ಆಮೇಲೆ ‘ಕೊಡು’ ಬಟನ್. ನಿಮ್ಮ ಟ್ರಸ್ಟಿನ ನಿಯಮವನ್ನೇ ಕೋಡಿನಲ್ಲಿ ಕೆತ್ತಿದ್ದೇನೆ:

ಹೋದದ್ದು ಬರಬೇಕು,
ಬಂದದ್ದು ಹೋಗಬೇಕು.

ಇದನ್ನು ಬರೆದು ಗೋಡೆಗೆ ಅಂಟಿಸಿ. ಇನ್ನೇನಾದರೂ ತೊಂದರೆ ಇದ್ದರೆ ಬರೆಯಿರಿ.

ಮೈದುನ


ಮಾರ್ಚ್ 30

ಅತ್ತಿಗೆ,

ಎರಡು ಮೇಲ್ ಹಾಕಿದೆ, ಉತ್ತರವಿಲ್ಲ. ಸಿಟ್ಟೇ? ಅಥವಾ ಅಣ್ಣ ಹಲಗೆ ತಂದುಬಿಟ್ಟನೇ?

ಜನರ ವಿವರ ಇಣುಕಿ ನೋಡುವುದಿಲ್ಲ ಎಂದು ನಿಮಗೆ ಮಾತು ಕೊಟ್ಟಿದ್ದೇನೆ, ನೋಡಿಲ್ಲ. ಆದರೆ ಸರ್ವರ್ ಸರಿಯಾಗಿದೆಯೇ ಎಂದು ನೋಡುವಾಗ ಟೇಬಲ್ಲಿನಲ್ಲಿ ಎಷ್ಟು ಸಾಲಿದೆ ಎನ್ನುವ ಸಂಖ್ಯೆ ಕಾಣುತ್ತದೆ. ವೀಲ್‌ಚೇರು ಇಪ್ಪತ್ತೊಂಬತ್ತು! ಎರಡು ತಿಂಗಳ ಹಿಂದೆ ಹನ್ನೊಂದಿದ್ದದ್ದು! ದಾನಿಗಳು ಕೈಬಿಚ್ಚಿ ಕೊಡುತ್ತಿದ್ದಾರೆ ಎಂದಾಯಿತು. ಪರದೆಯ ಮೇಲೆ ಲೆಕ್ಕ ಕಂಡರೆ ಜನರಿಗೆ ನಂಬಿಕೆ ಬರುತ್ತದೆ ಎಂದು ನಾನು ಹೇಳಿರಲಿಲ್ಲವೇ? ನಿಮ್ಮ ಕಾರ್ಯದರ್ಶಿಗಳು ಈಗ ಏನನ್ನುತ್ತಾರೆ? ಎರಡನೆಯ ‘ಹೂಂ’ ಬಂತೇ?

ಮೈದುನ


ಏಪ್ರಿಲ್ 6

ದಾನಿಗಳ ವಿಷಯ ಚೆನ್ನಾಗಿ ಬರೆದಿದ್ದೀಯ. ಓದಿ ನಗು ಬರಲಿಲ್ಲ. ನಿನಗೆ ತಮಾಷೆಗೆ ಹೊತ್ತಿದೆ, ನನಗಿಲ್ಲ.

ಕೆಲಸ ಇದೆ. ಬರ್ತೀನಿ.

ಅತ್ತಿಗೆ


ಏಪ್ರಿಲ್ 14

ಅತ್ತಿಗೆ,

ತಮಾಷೆ ನಾನು ಮಾಡಿರಲಿಲ್ಲ. ಇವತ್ತು ನನ್ನನ್ನೇ ತಮಾಷೆ ಮಾಡಿದರು.

ಒಂದು ಕಂಪನಿಗೆ ಸಂದರ್ಶನಕ್ಕೆ ಹೋಗಿದ್ದೆ. ಹೌದು, ಸಂದರ್ಶನಕ್ಕೆ. ಇದ್ದ ಕೆಲಸ ಹೋಗಿ ಬಹಳ ಕಾಲವಾಯಿತು. ನಿಮಗೂ ಹೇಳಿಲ್ಲ, ಅಣ್ಣನಿಗಂತೂ ಹೇಳುವ ಹಾಗೇ ಇಲ್ಲ, ‘ಕರಡು ತಿದ್ದಿಕೊಂಡು ಇರಬೇಕಿತ್ತು’ ಎಂದು ಶುರು ಮಾಡುತ್ತಾನೆ. ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ ಎಂದು ಬರೆದೆನಲ್ಲ, ನಾನು ಇಡೀ ದಿನ ಮಾಡುವುದು ಅದನ್ನೇ.

ಮೇಜಿನ ಆಚೆ ಮೂವರು. ಮೂವರ ವಯಸ್ಸು ಕೂಡಿಸಿದರೆ ನನ್ನದಕ್ಕಿಂತ ಸ್ವಲ್ಪ ಹೆಚ್ಚು. ‘ನೀವೇ ಕಟ್ಟಿದ್ದು ಏನಾದರೂ ತೋರಿಸಿ’ ಎಂದರು. ನನ್ನ ಬಳಿ ಇರುವುದು ಇದೊಂದೇ. ಜನರ ಹೆಸರಿಲ್ಲದ ವಸ್ತುಗಳ ಪುಟ ತೆರೆದು, ಪರದೆ ಅವರ ಕಡೆ ತಿರುಗಿಸಿ, ‘ಸುಳ್ಳು ಲೆಕ್ಕ ಇದರೊಳಗೆ ಬರಲು ಸಾಧ್ಯವೇ ಇಲ್ಲ’ ಎಂದು ಭಾಷಣ ಬಿಗಿದೆ. ಅವರು ಓದಿದ್ದು ಇದು:

ನೀಲಿ ಕುರ್ಚಿ
ನೀಲಿ ಕುರ್ಚಿ ಮತ್ತೆ
ನೀಲಿ ಕುರ್ಚಿ ಮತ್ತೆ ಮತ್ತೆ
ನೀಲಿ ಕುರ್ಚಿ ಮತ್ತೆ ಮತ್ತೆ ಮತ್ತೆ
ಕಿರುಚೋ ಕುರ್ಚಿ
ಕಿರುಚೋ ಕುರ್ಚಿ (ಅದೇ)
ಕಿರುಚೋ ಕುರ್ಚಿ (ಅದೇ, ಆಣೆಗೂ)

ಮೂವರಲ್ಲಿ ಒಬ್ಬಳು, ಕುತ್ತಿಗೆಗೆ ಹೆಡ್‌ಫೋನ್ ಹಾಕಿಕೊಂಡವಳು, ಬಹಳ ಮರ್ಯಾದೆಯಿಂದ ಕೇಳಿದಳು: ‘ಸರ್, ಇದು ಕವಿತೆನಾ?’

ಅತ್ತಿಗೆ, ಯಾಕೆ ಹೀಗೆ ಮಾಡಿದಿರಿ? ‘ವಾಪಸು ಬಂತು’ ಎಂದು ಒಂದು ಬಟನ್ ಇದೆ. ಹಸಿರು ಬಣ್ಣದ್ದು. ಇಡೀ ಪುಟದಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಅದನ್ನು ಒಂದು ಸಲ ಒತ್ತಲು ಏನು ಕಷ್ಟವಿತ್ತು? ಒಂದೇ ಒಂದು ಸಲವೂ ಒತ್ತಿಲ್ಲ ನೀವು. ಕೇಳಬಹುದಿತ್ತಲ್ಲ, ನಾನು ಇಲ್ಲಿ ಕೈಕಟ್ಟಿಕೊಂಡು ನಿಮ್ಮ ಮೇಲ್ ಬರುತ್ತದೆಂದು ಕೂತಿರುತ್ತೇನಲ್ಲ!

ಇವತ್ತು ಪ್ರಾಸವಿಲ್ಲ.

ಮೈದುನ


ಏಪ್ರಿಲ್ 16

ಮೈದುನ,

ಇದನ್ನ ಮನೆಯಿಂದ, ನಿಮ್ಮಣ್ಣನ ಫೋನಿನಿಂದ ಬರೀತಿದ್ದೀನಿ. ಅಕ್ಷರ ಸಣ್ಣದು, ಬೆರಳು ದಪ್ಪ, ತಪ್ಪಿದ್ದರೆ ತಿದ್ದಿಕೋ, ಅದು ನಿನ್ನ ಹಳೇ ಕಸುಬು.

ನಿನ್ನ ಕೆಲಸ ಹೋದದ್ದು ನಮಗೆ ಹೇಳಲಿಲ್ಲ. ನನ್ನ ಲಿಫ್ಟ್ ಕೆಟ್ಟದ್ದು ನಾನು ನಿನಗೆ ಹೇಳಲಿಲ್ಲ. ಲೆಕ್ಕ ಸರಿಹೋಯ್ತು.

ಬಟನ್ ಯಾಕೆ ಒತ್ತಲಿಲ್ಲ ಅಂತೀಯಲ್ಲ. ವಾಪಸು ಬಂದರೆ ತಾನೇ ಒತ್ತೋದು? ಈ ಕಟ್ಟಡದ ಲಿಫ್ಟ್ ಕೆಟ್ಟು ಎರಡು ವರ್ಷದ ಮೇಲಾಯ್ತು. ರಿಪೇರಿ ಮಾಡಿಸಿ ಅಂತ ಕೇಳಿದಾಗ ಕಾರ್ಯದರ್ಶಿಗಳು ‘ಮೆಟ್ಟಿಲು ಹತ್ತಿದರೆ ಆರೋಗ್ಯ’ ಅಂದರು. ಹೌದು, ಅವರು ದಿನಾ ಹತ್ತುತ್ತಾರೆ, ಆರೋಗ್ಯವಾಗಿದ್ದಾರೆ. ಕಾಲು ಮುರ್ಕೊಂಡವನ ಹೆಂಡತಿ ಒಂದು ಕಬ್ಬಿಣದ ಕುರ್ಚಿ ಹೊತ್ಕೊಂಡು ಮೂರು ಮಹಡಿ ಹತ್ತಬೇಕಾ, ಬರೀ ಅದನ್ನ ಇನ್ನೊಬ್ಬಳು ಹೊತ್ಕೊಂಡು ಇಳೀಲಿ ಅಂತ?

ಹಾಗಾಗಿ ನಾನು ಬೇರೆ ದಾರಿ ಮಾಡ್ಕೊಂಡೆ. ಒಂದು ಮನೆಯಲ್ಲಿ ಕೆಲಸ ಮುಗಿದರೆ ವಸ್ತು ನೇರವಾಗಿ ಮುಂದಿನ ಮನೆಗೆ ಹೋಗುತ್ತೆ. ನಾನು ಹೋಗಿ ಅಲ್ಲೇ ತೊಳೆದು ಒರೆಸ್ತೀನಿ. ಕೊಡೋವರು ತಗೊಳ್ಳೋವರಿಗೆ ಪಾಠ ಮಾಡಬೇಕು, ಅದು ನನ್ನ ನಿಯಮ: ಬ್ರೇಕ್ ಯಾವ ಕಡೆ ಬಿಗಿ, ಒಬ್ಬರೇ ಇದ್ದಾಗ ಮಂಚದಿಂದ ಕುರ್ಚಿಗೆ ಜಾರೋದು ಹೇಗೆ, ಬಚ್ಚಲಿನ ಬಾಗಿಲಿಗೆ ಯಾವ ಓರೆಯಲ್ಲಿ ತಿರುಗಿಸಬೇಕು. ಎರಡು ಮನೆಯವರೂ ಅಳೋದು ನಗೋದು ಎಲ್ಲ ಅಲ್ಲೇ ಮುಗಿಯುತ್ತೆ. ನಾನು ಹೇಳಿಕೊಟ್ಟರೆ ಅದು ಬರೀ ಮಾತು. ಕೂತು ಎದ್ದವರು ಹೇಳಿದರೆ ಧೈರ್ಯ ಬರುತ್ತೆ.

ಇದನ್ನೆಲ್ಲ ಕಾರ್ಯದರ್ಶಿಗಳ ಕಣ್ಣೆದುರಿಗೆ ಕೂತು ಹೇಗೆ ಬರೀಲಿ? ಅದಕ್ಕೇ ಸುಮ್ಮನೆ ಕೇಳಿದ ಹಾಗೆ ಕೇಳಿದೆ. ನೀನು ಗೋಡೆಗೆ ಅಂಟಿಸು ಅಂದೆ. ನಿನ್ನ ಯಂತ್ರ ‘ಈ ಕುರ್ಚಿ ಹೊರಗಿದೆ, ಕೊಡಲಾಗದು’ ಅಂದಿತು. ಎದುರಿಗೆ ಒಬ್ಬಳು ತನ್ನ ಅಮ್ಮನ ಆಸ್ಪತ್ರೆ ಚೀಟಿ ಹಿಡ್ಕೊಂಡು ನಿಂತಿದ್ದಾಳೆ. ‘ಹೊಸ ವಸ್ತು ಸೇರಿಸು’ ಅಂತ ಪಕ್ಕದಲ್ಲೇ ಇನ್ನೊಂದು ಬಟನ್ ಇತ್ತು. ಅದು ಏನೂ ಕೇಳದೆ ಒಳಗೆ ಬಿಟ್ಟಿತು. ‘ನೀಲಿ ಕುರ್ಚಿ ಮತ್ತೆ’ ಅಂತ ಬರೆದೆ. ಮತ್ತೆ ಬಂದಾಗ ಮತ್ತೆ ಮತ್ತೆ.

ಸುಳ್ಳು ಬರೀಬಾರದು ಅಂತಲೇ ‘ಆಣೆಗೂ’ ಅಂತ ಹಾಕಿದ್ದು.

ಈಗ ಕೇಳು. ಕಾರ್ಯದರ್ಶಿಗಳು ಮೊನ್ನೆ ತಮ್ಮ ಪುಟ ನೋಡಿದರು. ಒಟ್ಟು ವೀಲ್‌ಚೇರು ಮೂವತ್ತೇಳು, ಕೊಠಡಿಯಲ್ಲಿ ಸೊನ್ನೆ, ಹೆಚ್ಚಿನವೆಲ್ಲ ಕೆಂಪು. ನಿನ್ನ ಕೆಂಪು ಬಣ್ಣ ಬಹಳ ಚೆನ್ನಾಗಿ ಕಾಣುತ್ತೆ, ಹೊಗಳು ಅಂದಿದ್ದೆಯಲ್ಲ, ಹೊಗಳಿದ್ದೀನಿ. ‘ಮೂವತ್ತೇಳು ಕುರ್ಚಿ ಎಲ್ಲಮ್ಮಾ?’ ಅಂದರು. ಇರೋದೇ ಹನ್ನೊಂದು ಅಂದೆ. ‘ಹಾಗಾದರೆ ಬಾಕಿಯದನ್ನ ಏನು ಮಾಡಿದಿರಿ?’ ಅಂದರು. ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಹಾಗೆ ಕೇಳಿರಲಿಲ್ಲ. ಕಿವಿಯ ಯಂತ್ರ ತೆಗೆದಿಟ್ಟು ಮೆಟ್ಟಿಲು ಇಳಿದು ಬಂದೆ. ಇಳಿಯೋದೂ ಈಗ ಒಂದೊಂದೇ ಮೆಟ್ಟಿಲು, ಮಂಡಿ ಮೊದಲಿನ ಹಾಗಿಲ್ಲ.

ನಿನ್ನ ಮೇಲೆ ಸಿಟ್ಟಿದೆ. ನಾಳೆ ಇರಲ್ಲ, ಇವತ್ತು ಇದೆ.

ಅತ್ತಿಗೆ


ಏಪ್ರಿಲ್ 17

ಅತ್ತಿಗೆ,

ನೆನ್ನೆಯ ಸಿಟ್ಟನ್ನು ನೆನ್ನೆಯೇ ಸ್ವೀಕರಿಸಿದ್ದೇನೆ.

ನಾನು ಕೇಳಿದ ಮೊದಲ ಪ್ರಶ್ನೆಯೇ ತಪ್ಪು. ‘ವಾಪಸು ಬಂದಾಗ ಏನು ಬರೆಯುತ್ತೀರಿ’ ಎಂದೆ. ವಾಪಸು ಬರುತ್ತದೆಯೇ ಎಂದು ಕೇಳಲೇ ಇಲ್ಲ. ‘ನಿಯಮ ಹಾಗಿದೆ’ ಎಂದು ನೀವು ಬರೆದಾಗ ನಾನು ಓದಿದ್ದು ನಿಯಮವನ್ನು. ‘ಹಾಗಿದೆ’ ಎನ್ನುವಲ್ಲಿ ನೀವು ಹಲ್ಲು ಕಚ್ಚಿದ್ದು ಕಾಣಬೇಕಿತ್ತು. ವೀಲ್‌ಚೇರಿನ ಕೊಠಡಿ ಮೂರನೇ ಮಹಡಿಯಲ್ಲಿದೆ ಎಂದು ಓದಿಯೂ ನಾನು ಗಾಳಿ ಬೆಳಕಿನ ಬಗ್ಗೆ ಸಂತೋಷಪಟ್ಟೆ. ಮೂರ್ಖತನಕ್ಕೆ ಪದವಿ ಕೊಡುವುದಾದರೆ ನನಗೆ ಅದೂ ಕನ್ನಡ ಮೀಡಿಯಮ್ಮಿನಲ್ಲೇ ಸಿಗಲಿ.

ನಿಮ್ಮ ಗೊಂದಲದಲ್ಲಿ ಒಂದು ವಿಷಯ ಮಾತ್ರ ಗೊಂದಲವೇ ಅಲ್ಲ. ಒಂದು ‘ಮತ್ತೆ’ ಅಂದರೆ ಒಂದು ಮನೆ. ಎಣಿಸಿದರೆ ಸಾಕು, ಪ್ರತಿ ಕುರ್ಚಿಯ ದಾರಿ ಸಿಗುತ್ತದೆ. ನೀವು ಅಪ್ಪಣೆ ಕೊಟ್ಟರೆ ಒಳಗಿನ ಟೇಬಲ್ ತೆರೆದು ಮೂವತ್ತೇಳನ್ನು ಹನ್ನೊಂದಕ್ಕೆ ಇಳಿಸುತ್ತೇನೆ. ‘ಕೊಡು’, ‘ವಾಪಸು ಬಂತು’ ಎರಡೂ ಬಟನ್ ಕಿತ್ತುಹಾಕಿ ಒಂದೇ ಬಟನ್ ಇಡುತ್ತೇನೆ: ‘ದಾಟಿಸು’. ಯಾವ ವಸ್ತು, ಯಾವ ಮನೆಯಿಂದ, ಯಾವ ಮನೆಗೆ. ಕೊಠಡಿಯೂ ಒಂದು ಮನೆ, ಅಷ್ಟೇ.

ಕಾರ್ಯದರ್ಶಿಗಳು ಹೊಸ ಪುಟ ನೋಡಲಿ. ಅರ್ಥವಾಗುತ್ತದೆ.

ಮೈದುನ


ಏಪ್ರಿಲ್ 23

ಅರ್ಥವಾಗಲಿಲ್ಲ. ಹಳೇ ಪರದೆಯನ್ನ ಮುದ್ರಿಸಿ ಇಟ್ಕೊಂಡಿದ್ದರು. ಎರಡನ್ನೂ ಪಕ್ಕಪಕ್ಕದಲ್ಲಿ ಹಿಡಿದು ‘ಹೋದ ವಾರ ಮೂವತ್ತೇಳು, ಈ ವಾರ ಹನ್ನೊಂದು. ಲೆಕ್ಕ ತಿದ್ದೋಕೆ ಮೈದುನನನ್ನ ಇಟ್ಕೊಂಡಿದ್ದೀರಾ?’ ಅಂದರು. ನೀನು ಮಾಡಿದ್ದು ಸರಿ ಇದ್ದಷ್ಟೂ ನನ್ನದು ಕಳ್ಳತನದ ಹಾಗೆ ಕಾಣ್ತಿದೆ.

ಆಯ್ತು, ವಸ್ತುಗಳನ್ನೇ ನೋಡಿ ಅಂದೆ. ಸಭೆಯ ದಿನ ಎಲ್ಲ ಕೊಠಡಿಗೆ ಬರಬೇಕು, ತಾವೇ ಎಣಿಸ್ತಾರಂತೆ. ಕಂಪನಿಯವನೂ ಬರ್ತಾನೆ, ಎಣಿಸಿದ್ದನ್ನ ಅಲ್ಲಿಂದಲೇ ಲಾರಿಗೆ ಹಾಕ್ಕೊಂಡು ಹೋಗೋಕೆ. ಎಲ್ಲ ಮನೆಗೂ ಹೇಳಿ ಬಂದಿದ್ದೀನಿ. ನಿನ್ನ ಪರದೆಯಿಂದ ಇನ್ನು ಆಗೋದು ಏನೂ ಇಲ್ಲ.

ಅತ್ತಿಗೆ


ಏಪ್ರಿಲ್ 30

ಪ್ರಾಸರಾಯ,

ನೆನ್ನೆ ಸಭೆ ಆಯ್ತು. ಮೊದಲಿಂದ ಹೇಳ್ತೀನಿ.

ಕಾರ್ಯದರ್ಶಿಗಳು, ಸಮಿತಿಯವರು, ಕಂಪನಿಯವನು ಎಲ್ಲ ಮೇಲೆ ಕೊಠಡಿಯಲ್ಲಿ ಕುರ್ಚಿ ಹಾಕ್ಕೊಂಡು ಕೂತರು. ನಾನು, ನಿಮ್ಮಣ್ಣ ಕೆಳಗೆ ಮೆಟ್ಟಿಲ ಹತ್ತಿರ ನಿಂತ್ವಿ. ಮೊದಲು ಬಂದಿದ್ದು ಕಿರುಚೋ ಕುರ್ಚಿ, ತಿರುವಿನಿಂದಲೇ ಕೇಳಿಸ್ತಂತೆ, ನನಗೂ ಸ್ವಲ್ಪ ಕೇಳಿಸ್ತು. ಅದರಲ್ಲಿ ಡ್ರೈವರ್ ಮಾಮ. ಬಸ್ ಓಡಿಸ್ತಿದ್ದವರು, ಈಗ ಒಂದೇ ಕಾಲು. ಆಮೇಲೆ ಅಗಲದ್ದರಲ್ಲಿ ದರ್ಜಿ ಅಜ್ಜಿ. ಹೀಗೇ ಒಂದರ ಹಿಂದೆ ಒಂದು. ನಾನು ಹೇಳಿದ್ದು ‘ಕುರ್ಚಿ ತನ್ನಿ’ ಅಂತ. ಅವರು ಕೂತ್ಕೊಂಡೇ ಬಂದರು. ಬೇರೆ ಹೇಗೆ ಬರ್ತಾರೆ?

ಕಾರ್ಯದರ್ಶಿಗಳು ಮೇಲಿಂದ ಬಗ್ಗಿ ‘ಏನಮ್ಮಾ ಅದು, ಮೇಲೆ ತನ್ನಿ!’ ಅಂದರು. ಅವರ ಮಾತು ನನಗೆ ಕೇಳಲಿಲ್ಲ, ಆಮೇಲೆ ನಿಮ್ಮಣ್ಣ ಹೇಳಿದ್ದು. ದರ್ಜಿ ಅಜ್ಜಿ ಮಾತ್ರ ಕೂಗಿದರು. ಅವರ ಗಂಟಲು ನನ್ನ ಯಂತ್ರಕ್ಕಿಂತ ಗಟ್ಟಿ.

‘ಕುರ್ಚಿ ಬೇಕಾ, ನಾನು ಬೇಕಾ? ಕುರ್ಚಿ ಅಂದ್ರೆ ನನ್ನ ಎಲ್ಲಿ ಇಳಿಸ್ತೀಯಪ್ಪಾ, ಜಾಗ ತೋರಿಸು!’

ಸಮಿತಿಯಲ್ಲಿ ಯಾರೋ ‘ಲಿಫ್ಟ್ ಹಾಕಿ’ ಅಂದರಂತೆ. ಆಗ ನಿಮ್ಮಣ್ಣ ಬಾಯಿ ತೆಗೆದರು. ಮದುವೆಯಾದ ಮೇಲೆ ನನ್ನ ಪರವಾಗಿ ಮೊದಲನೇ ಸಲ ಅಂತ ಕಾಣುತ್ತೆ: ‘ಮೆಟ್ಟಿಲು ಹತ್ತಿದರೆ ಆರೋಗ್ಯ ಅಲ್ವಾ ಸಾರ್? ಇಳಿದರೂ ಆರೋಗ್ಯವೇ. ಇಳಿದು ಬನ್ನಿ!’

ಇಳಿದು ಬಂದರು. ಬಿಸಿಲಲ್ಲಿ ನಿಂತು ಎಣಿಸಿದರು. ವಾಕರು ಸರಿ, ಊರುಗೋಲು ಸರಿ, ಮಂಚಗಳನ್ನ ಆಯಾ ಮನೆಗೇ ಹೋಗಿ ನೋಡ್ಕೊಳ್ಳಿ ಅಂದೆ. ವೀಲ್‌ಚೇರು ಹತ್ತು. ಕಂಪನಿಯವನ ಲಾರಿ ಪಕ್ಕದಲ್ಲೇ ನಿಂತಿತ್ತು. ಕೂತವರನ್ನ ಎಬ್ಬಿಸಿ ಎತ್ತಿಹಾಕ್ಕೊಳ್ಳೋಕೆ ಅವನಿಗೆ ಮನಸ್ಸಾಗಲಿಲ್ಲ, ಅಥವಾ ಡ್ರೈವರ್ ಮಾಮನ ಮುಖ ನೋಡಿ ಧೈರ್ಯ ಸಾಲಲಿಲ್ಲ. ‘ಆಮೇಲೆ ಫೋನ್ ಮಾಡ್ತೀನಿ’ ಅಂತ ಹೊರಟುಹೋದ. ಕೊನೆಗೆ ಕಾರ್ಯದರ್ಶಿಗಳು ‘ಈಗ ಇವನ್ನೆಲ್ಲ ಎಲ್ಲಿಡೋದು?’ ಅಂದರು. ದರ್ಜಿ ಅಜ್ಜಿ ‘ನಾನು ಕೂತಿರೋ ಕಡೆ ಇರಲಿ ಬಿಡಪ್ಪಾ’ ಅಂದರು.

ಗೆದ್ದೆವು ಅಂತ ಕುಣೀಬೇಡ. ಸಭೆಯಲ್ಲಿ ಬರೆದದ್ದು ಇದು: ವಸ್ತುಗಳು ನನ್ನ ಜವಾಬ್ದಾರಿಯಲ್ಲೇ ಇರಲಿ. ಆದರೆ ಕೊಠಡಿಯಲ್ಲಿ ಏನೂ ಇಲ್ಲದ ಮೇಲೆ ಕೊಠಡಿ ಯಾಕೆ, ಅದನ್ನ ಬೇರೆಯವರಿಗೆ ಕೊಡ್ತಾರಂತೆ. ಬೀಗದಕೈ ತಗೊಂಡರು. ಕಂಪ್ಯೂಟರನ್ನೂ, ಇದನ್ನ ಬರೀತಿರೋದು ನಿಮ್ಮಣ್ಣನ ಫೋನಿನಿಂದ. ಮತ್ತೆ ಕೊನೆಯ ಸಾಲು: ‘ವೀಲ್‌ಚೇರು ಒಂದು ಕಳೆದಿದೆ.’ ಅದರ ಮುಂದೆ ನನ್ನ ಹೆಸರು.

ನೀಲಿ ಕುರ್ಚಿ ಬರಲಿಲ್ಲ ಕಣೋ. ಇದ್ದ ಮನೆಯವರು ಮನೆ ಖಾಲಿ ಮಾಡಿ ಹೋಗಿದ್ದಾರೆ. ಎಲ್ಲಿಗೆ ಅಂತ ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಹತ್ತು ಬಂದದ್ದು ಯಾರ ಹೆಸರಿಗೂ ಬರೀಲಿಲ್ಲ, ಒಂದು ಬಾರದ್ದು ನನ್ನ ಹೆಸರಿಗೆ ಬರೆದರು.

ಅತ್ತಿಗೆ


ಮೇ 6

ಅತ್ತಿಗೆ,

ಅಣ್ಣ ಬಾಯಿ ತೆಗೆದ ಭಾಗವನ್ನು ನಾಲ್ಕು ಸಲ ಓದಿದೆ. ಅವನಿಗೆ ನನ್ನ ಕೆಲಸದ ವಿಷಯ ಹೇಳಿದ್ದೀರೆಂದು ಗೊತ್ತಾಯಿತು. ನೆನ್ನೆ ಫೋನ್ ಮಾಡಿ ‘ಊಟ ಮಾಡ್ತಿದ್ದೀಯ ತಾನೆ?’ ಎಂದು ಕೇಳಿ ಇಟ್ಟ. ಸಂದರ್ಶನದವರು ತಿಳಿಸುತ್ತೇವೆ ಎಂದರು, ಇನ್ನೂ ತಿಳಿಸಿಲ್ಲ. ಆ ಹೆಡ್‌ಫೋನಿನ ಹುಡುಗಿ ಮಾತ್ರ, ನೀಲಿ ಕುರ್ಚಿ ಈಗ ಎಲ್ಲಿದೆ ಎಂದು ಮೇಲ್ ಹಾಕಿ ಕೇಳಿದ್ದಾಳೆ. ಗೊತ್ತಿಲ್ಲ ಎಂದು ಬರೆದೆ.

ಈಗ ಇನ್ನೊಂದು ತಾಪತ್ರಯ. ಕೊಠಡಿ ಹೋಯಿತಲ್ಲ, ಅದನ್ನು ಆ್ಯಪಿನಿಂದಲೂ ತೆಗೆಯೋಣವೆಂದು ಸ್ಥಳಗಳ ಟೇಬಲ್ಲಿನಲ್ಲಿ ‘ಕೊಠಡಿ’ ಎಂಬ ಸಾಲನ್ನು ಅಳಿಸಲು ಹೋದೆ. ಡೇಟಾಬೇಸ್ ಬಿಡಲಿಲ್ಲ. ‘ಅಳಿಸಲಾಗದು, ಇದನ್ನು ನೆಚ್ಚಿಕೊಂಡ ಇನ್ನೊಂದು ಸಾಲಿದೆ’ ಎಂದಿತು. ಅದೇ ಮೊಂಡು ಜವಾನ, ನಾನೇ ಕಲಿಸಿದ ಮೊಂಡುತನ. ಯಾವ ಕುರ್ಚಿ ಇನ್ನೂ ಅಲ್ಲಿದೆ ಎಂದು ಹುಡುಕಿದೆ. ಕುರ್ಚಿ ಇಲ್ಲ, ವಾಕರಿಲ್ಲ, ಊರುಗೋಲೂ ಇಲ್ಲ. ಎಲ್ಲ ಮನೆಗಳಲ್ಲೇ ಇವೆ.

ಸಿಕ್ಕಿದ್ದು ನೀವು. ಫೆಬ್ರವರಿಯಲ್ಲಿ ನಿಮ್ಮ ಹೆಸರಿನ ಮುಂದೆ ‘ಎಲ್ಲಿ ಸಿಗುತ್ತಾರೆ’ ಎನ್ನುವ ಕಡೆ ನಾನೇ ಕೊಠಡಿ ಎಂದು ಹಾಕಿದ್ದೆ. ನೀವು ಅಲ್ಲಿರುವ ತನಕ ಅದು ಅಳಿಯುವುದಿಲ್ಲ. ನಿಮ್ಮನ್ನು ಬೇರೆ ಕಡೆ ಇಡದ ಹೊರತು ಅದನ್ನು ತೆಗೆಯಲಾಗದು.

ಕೇಳಿ ಬರುವವರಿಗೆ ಕಾಣುವ ಸಾಲು ಅದು. ಇನ್ನು ಮುಂದೆ ಎಲ್ಲಿ ಎಂದು ಬರೆಯಲಿ?

ಹೋದದ್ದು ಹೋಗಲಿ, ಮನೆ ಮನೆ ದಾಟಿ.
ನಿಮ್ಮನ್ನೆಲ್ಲಿಡಲಿ? ಕಳಿಸಿ ಒಂದು ಚೀಟಿ.

ಮೈದುನ


ಮೇ 9

ಪ್ರಾಸರಾಯ,

‘ಮೆಟ್ಟಿಲ ಕೆಳಗೆ’ ಅಂತ ಬರಿ.

ಮೊನ್ನೆಯಿಂದ ಅಲ್ಲೇ ಕೂತಿದ್ದೀನಿ. ನಿಮ್ಮಣ್ಣ ಒಂದು ಮೇಜು ತಂದು ಹಾಕಿದ್ದಾರೆ, ಗೋಡೆಗೆ ಹಲಗೆಯನ್ನೂ ಹೊಡೆದಿದ್ದಾರೆ, ಬೇಡ ಅಂದರೆ ಕೇಳಲಿಲ್ಲ. ಕಾರ್ಯದರ್ಶಿಗಳು ಬೆಳಗ್ಗೆ ಹತ್ತುವಾಗ ಒಂದು ಸಲ, ಸಂಜೆ ಇಳಿಯುವಾಗ ಒಂದು ಸಲ ನನ್ನನ್ನ ದಾಟಿ ಹೋಗಬೇಕು. ಎರಡನೇ ‘ಹೂಂ’ ಇನ್ನೂ ಬಂದಿಲ್ಲ.

ಮೇಜು ಹಾಕೋಕೆ ಅಂತ ಬಂದ ದಿನವೇ ಮೆಟ್ಟಿಲ ಪಕ್ಕದ ಮೂಲೆಯಲ್ಲಿ ನೀಲಿ ಕುರ್ಚಿ ಇತ್ತು. ಯಾರು ಬಿಟ್ಟರೋ, ಎಷ್ಟು ದೂರದಿಂದ ತಂದರೋ. ಮೇಲೆ ಹೊರೋಕೆ ಆಗದೆ ಅಲ್ಲೇ ಇಟ್ಟು ಹೋಗಿದ್ದಾರೆ. ಗಾಲಿಗೆ ಎಣ್ಣೆ ಬಿಟ್ಟು, ಒರೆಸಿ, ಬ್ರೇಕ್ ಹಾಕಿಟ್ಟಿದ್ದಾರೆ. ಆ ಹುಡುಗಿಗೆ ಹೇಳು, ಸಿಕ್ಕಿತು ಅಂತ.

ಯಾವ ಮನೆಗೆ ದಾಟಿಸಿದೆ ಅಂತ ನಿನ್ನ ಯಂತ್ರ ಕೇಳುತ್ತೆ. ಸದ್ಯಕ್ಕೆ ನನ್ನ ಹೆಸರು ಹಾಕು. ಇಲ್ಲಿ ಬೇರೆ ಕುರ್ಚಿ ಇಲ್ಲ, ನನ್ನ ಮಂಡಿಗೆ ನಿಲ್ಲೋಕೆ ಆಗಲ್ಲ, ಹಾಗಾಗಿ ಅದರಲ್ಲೇ ಕೂತಿದ್ದೀನಿ.

ಯಾರಾದರೂ ಕೇಳ್ಕೊಂಡು ಬಂದರೆ ಎದ್ದು ಕೊಡ್ತೀನಿ.

ಅತ್ತಿಗೆ